ಅಪ್ಪಾಜಿಯ ಸ್ಪೀಕರೂ ನನ್ನ ಕಿವಿಶಾಸ್ತ್ರವೂ

ಕಿವಿ ಪರೀಕ್ಷೆ ಮಾಡುವ ಕೆಲಸದಲ್ಲಿರುವವರು ನಗುವುದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ನಗು ತಾನಾಗಿಯೇ ಬಾಗಿಲು ತಳ್ಳಿಕೊಂಡು ಬಂದು ಎದುರಿಗೆ ಕೂರುತ್ತದೆ. ಬಂದವರಲ್ಲಿ ಮುಕ್ಕಾಲು ಪಾಲು ಜನ ಶುರು ಮಾಡುವುದೇ ಹೀಗೆ: "ನನ್ನ ಕಿವಿಗೆ ಏನೂ ಆಗಿಲ್ಲ ಡಾಕ್ಟರೇ, ನಮ್ಮ ಮನೆಯವರೇ ಬಾಯಿ ಬಿಟ್ಟು ಮಾತಾಡೋದಿಲ್ಲ." ಮನೆಯವರು ಪಕ್ಕದಲ್ಲೇ ಕೂತು ಗಂಟಲು ಹರಿದುಕೊಂಡು ಏನೋ ಹೇಳುತ್ತಿರುತ್ತಾರೆ. ಇವರು "ನೋಡಿ, ಈಗಲೂ ಸುಮ್ಮನೆ ಕೂತಿದ್ದಾರೆ" ಅನ್ನುತ್ತಾರೆ.

ಆದರೆ ಚೆನ್ನೈನ ಅಡ್ಯಾರಿನಲ್ಲಿರುವ ನನ್ನ ಕ್ಲಿನಿಕ್ಕಿಗೆ ಬಂದುಹೋದವರನ್ನೆಲ್ಲ ಒಂದು ತಟ್ಟೆಗೆ ಹಾಕಿ, ನನ್ನ ಹೆತ್ತವರನ್ನು ಇನ್ನೊಂದು ತಟ್ಟೆಗೆ ಹಾಕಿದರೆ, ತಕ್ಕಡಿ ಹೆತ್ತವರ ಕಡೆಗೇ ವಾಲುತ್ತದೆ. ನಮ್ಮದು ದಾವಣಗೆರೆ ಕಡೆಯ ಮನೆತನ. ಅಜ್ಜನ ಕಾಲದಲ್ಲೇ ಚೆನ್ನೈಗೆ ಬಂದು ಬ್ಯಾಡಗಿ ಮೆಣಸಿನಕಾಯಿ ಮಂಡಿ ಹಾಕಿದವರು. ಅಪ್ಪಾಜಿ, ಅವ್ವ ಇಬ್ಬರೂ ನನ್ನ ಮನೆಯಿಂದ ಎರಡು ಬೀದಿ ಆಚೆ ಇರುವ ಫ್ಲಾಟಿನಲ್ಲಿದ್ದಾರೆ. ಊರವರೆಲ್ಲ ಕಿವಿ ನೋವು ಅಂತ ನನ್ನ ಹತ್ತಿರ ಬಂದರೆ, ಇವರಿಬ್ಬರಿಗೆ ನನ್ನ ಮಾತೆಂದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವಂಥದ್ದು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಆ ಗಿಡ ನಾನೇ.

೧. ತೂಕ ನೋಡಿ ತಂದದ್ದು

ಮಂಡಿಯನ್ನು ಅಣ್ಣನ ಕೈಗೆ ಕೊಟ್ಟ ಮೇಲೆ ಅಪ್ಪಾಜಿಗೆ ಹೊತ್ತೇ ಹೋಗದಂತಾಯಿತು. ಕೆಲವು ದಿನ ಟಿವಿಯ ಮೇಲೆ ಸಿಟ್ಟು ಮಾಡಿದರು, ಕೆಲವು ದಿನ ಅವ್ವನ ಅಡಿಗೆಯ ಮೇಲೆ. ಆಮೇಲೆ ಒಂದು ದಿನ ಫೋನ್ ಬಂತು. "ಸ್ಪೀಕರ್ ತಗಂಡು ಬಂದೀನಿ ಕಣವ್ವ. ಬಂದು ನೋಡು."

ಹೋಗಿ ನೋಡಿದರೆ ಹಾಲ್‌ನಲ್ಲಿ ನನ್ನ ಸೊಂಟದೆತ್ತರದ ಎರಡು ಕರಿ ಪೆಟ್ಟಿಗೆ ನಿಂತಿದ್ದವು. ಅವ್ವ ಅವುಗಳ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತು, "ಇವಕ್ಕೂ ಊಟಕ್ಕೆ ಎಲೆ ಹಾಕ್ಬೇಕೇನು ಕೇಳು ನಿಮ್ಮಪ್ಪಾಜೀನ" ಅಂದಳು.

ಅಂಗಡಿಯವನು ಒಂದು ಹಾಡು ಹಾಕಿ ತೋರಿಸುತ್ತೇನೆ ಅಂದರೆ ಅಪ್ಪಾಜಿ ಬೇಡವೆಂದರಂತೆ. ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿ, ಒಂದು ಕಡೆಯಿಂದ ಎತ್ತಿ ನೋಡಿ, "ತೂಕ ಐತೆ, ಕಟ್ಟಪ್ಪ" ಅಂದರಂತೆ. ಪಾಪ, ಅವನು ಜೀವ ತಡೆಯದೆ ಬುದ್ಧಿ ಹೇಳಿ ಕಳಿಸಿದ್ದ: ಹಾಡು ಒಡೆದ ಹಾಗೆ ಕೇಳಿಸಿದರೆ ತಕ್ಷಣ ತಗ್ಗಿಸಿ, ದನಿಯ ಗುಂಡಿಯನ್ನು ಕೊನೆಯವರೆಗೆ ತಿರುಗಿಸಬೇಡಿ. ಅಪ್ಪಾಜಿಗೆ ಈ ಮಾತು ಹಿಡಿಸಿರಲಿಲ್ಲ. "ತಿರುಗಿಸಬಾರ್ದು ಅಂದ್ರೆ ಅಲ್ಲಿವರ್ಗೂ ನಂಬರ್ ಯಾಕೆ ಬರೀಬೇಕಿತ್ತು?" ಅಂತ ನನ್ನನ್ನೇ ಕೇಳಿದರು.

ನಾನು ಅಲ್ಲೇ ನಿಂತು ಷರತ್ತು ಹಾಕಿದೆ. "ಅಪ್ಪಾಜಿ, ಕೇಳ್ರಿ. ನಿಮ್ಮ ಖುಷಿಗೆ ನಾನು ಅಡ್ಡ ಬರಲ್ಲ. ಆದ್ರೆ ಇದ್ರಿಂದ ನಿಮ್ಮ ಕಿವಿ ಕೆಡ್ತು ಅಂತ ಗೊತ್ತಾದ ದಿನ ಈ ಪೆಟ್ಟಿಗೆ ಈ ಮನೇಲಿ ಇರಲ್ಲ."

"ಕಂಡಿಪ್ಪಾ, ಖಂಡಿತ ಇರಲ್ಲ" ಅಂತ ಅಪ್ಪಾಜಿ ಎದೆ ಮುಟ್ಟಿಕೊಂಡು ಒಪ್ಪಿದರು. "ಜೋರು ಆಯ್ತು ಅಂತ ತಿಳಿಯೋದು ಹೆಂಗೆ, ಅದನ್ನ ಹೇಳು."

ನಾನು ಎಲ್ಲರಿಗೂ ಹೇಳುವ ಲೆಕ್ಕವನ್ನೇ ಹೇಳಿದೆ. ಕೈಯಳತೆಯ ದೂರದಲ್ಲಿ ಕೂತವರ ಜೊತೆ ಮಾತಾಡಲು ಕೂಗಬೇಕಾಗಿ ಬಂದರೆ ಹಾಡು ಅತಿ ಜೋರಾಗಿದೆ ಎಂದರ್ಥ. ಅಪ್ಪಾಜಿ ತಲೆಯಾಡಿಸಿದರು. ಅವ್ವ ಮಾತ್ರ ಕಿಸಕ್ಕೆಂದು ನಕ್ಕಳು. ಮಂಡಿಯಲ್ಲಿ ಜೀವಮಾನವೆಲ್ಲ ದರ ಕೂಗಿದ ಮನುಷ್ಯ, ಪಕ್ಕದಲ್ಲಿ ಕೂತವಳಿಗೆ ಉಪ್ಪು ಕೇಳುವುದೂ ಬೀದಿಗೆ ಕೇಳಿಸುವ ಹಾಗೆ.

"ನಿನ್ನ ಲೆಕ್ಕ ಹಿಡಿದ್ರೆ, ಪೆಟ್ಟಿಗೆ ಆಫ್ ಮಾಡಿದಾಗ್ಲೂ ಈ ಮನೇಲಿ ಕಿವಿಗೆ ಅಪಾಯಾನೇ" ಅಂದಳು ಅವ್ವ.

೨. ಭಕ್ತಿ ಹೆಚ್ಚಾದದ್ದು

ಆಯುಧಪೂಜೆ ಬಂತು. ಮಂಡಿಯವರಿಗೆ ಅದು ದೊಡ್ಡ ಹಬ್ಬ. ತಕ್ಕಡಿ, ತೂಕದ ಕಲ್ಲು, ಚೀಲ ಹೊಲಿಯುವ ದಬ್ಬಣ, ಯಾವುದನ್ನೂ ಬಿಡದೆ ಪೂಜೆ ಮಾಡಿದ ಕೈ ಅವ್ವನದು. ಈಗ ಫ್ಲಾಟಿನಲ್ಲಿ ಆಯುಧ ಅಂತ ಉಳಿದದ್ದು ಈಳಿಗೆಮಣೆ, ಮಿಕ್ಸಿ, ಮತ್ತು ಈ ಎರಡು ಪೆಟ್ಟಿಗೆ.

ಅವ್ವ ಮಿಂದು, ಪೆಟ್ಟಿಗೆಗಳ ಮುಂದಿನ ಬಟ್ಟೆಯ ಮುಚ್ಚಳ ತೆಗೆದು, ಒಳಗೆ ಏನಿದೆ ಅಂತ ನೋಡಿದಳು. ಕೆಳಗೆ ಬಟ್ಟಲಿನ ಹಾಗೆ ಒಂದು ದೊಡ್ಡದು, ಮೇಲೆ ಪುಟ್ಟದಾಗಿ ಉಬ್ಬಿಕೊಂಡ ಗುಂಡನೆಯದು ಒಂದು. ದೊಡ್ಡದರ ಮೇಲೆ ಮೂರು ಪಟ್ಟೆ ವಿಭೂತಿ ಎಳೆದಳು. ಪುಟ್ಟದು ಥೇಟ್ ಹಣೆಯ ಹಾಗಿದೆ ಅನ್ನಿಸಿತಂತೆ, ಅದಕ್ಕೆ ಕುಂಕುಮ. ನುಣ್ಣಗಿದ್ದ ಅದಕ್ಕೆ ಕುಂಕುಮ ಹತ್ತಲೊಲ್ಲದು. ಅವ್ವ ಬೆರಳೊತ್ತಿ ಚೆನ್ನಾಗಿ ಇಟ್ಟಳು.

ಮಂಗಳಾರತಿಯಾಗಿ ಅಪ್ಪಾಜಿ ವಚನಗಾಯನ ಹಾಕಿದರೆ ಗಾಯಕರು ಕಂಬಳಿ ಹೊದ್ದುಕೊಂಡು ಹಾಡಿದ ಹಾಗೆ ಕೇಳಿಸಿತು. ಅಪ್ಪಾಜಿಯ ಮುಖ ನೋಡಲಾಗಲಿಲ್ಲ. ಹಬ್ಬದ ಮಾರನೆಯ ದಿನ ರಿಪೇರಿಯವರನ್ನು ಕರೆಸಿದೆವು. ಅವರು ಟಾರ್ಚು ಹಿಡಿದು ಎಡಗಡೆಯ ಪೆಟ್ಟಿಗೆಯನ್ನು ನೋಡಿದವರೇ ನಮ್ಮನ್ನೆಲ್ಲ ಒಂದು ಸುತ್ತು ನೋಡಿದರು. ಉಬ್ಬಿಕೊಂಡಿರಬೇಕಾದ ಗುಂಡು ಒಳಕ್ಕೆ ಹೋಗಿ ಕುಳಿಬಿದ್ದಿತ್ತು. ಕುಳಿಯೊಳಗೆ ಕುಂಕುಮ.

"ಅಮ್ಮಾ, ಇದು ಸಾಮಿ ಇಲ್ಲೆಮ್ಮಾ, ಟ್ವೀಟರ್" ಅಂದರು, ಅಳುವ ದನಿಯಲ್ಲಿ. ದೇವರಲ್ಲ, ಹಾಡಿನ ಸಣ್ಣ ದನಿಗಳನ್ನು ಹೊರಡಿಸುವ ಭಾಗ ಅಂತ.

ಅವರು ಅಂಟುಪಟ್ಟಿಯ ತುಂಡೊಂದನ್ನು ಮೆಲ್ಲಗೆ ಅಂಟಿಸಿ ಎಳೆದರು. ಗುಂಡು ಪಟ್ ಅಂತ ಹೊರಗೆ ಬಂತು, ಜೊತೆಗೆ ಕುಂಕುಮವೂ. ಅವ್ವ "ಅಯ್ಯೋ, ಇಟ್ಟ ಕುಂಕುಮ ಕಿತ್ತು ತೆಗೀತಾರೇನಪ್ಪ!" ಅಂತ ಮತ್ತೆ ಕುಂಕುಮದ ಬಟ್ಟಲು ಹಿಡಿದು ಬಂದಳು. ನಾನು ಅಡ್ಡ ನಿಂತೆ. ಮುಂದಿನ ವರ್ಷದಿಂದ ಪೂಜೆ ಏನಿದ್ದರೂ ಪೆಟ್ಟಿಗೆಯ ಮರಕ್ಕೆ ಅಂತ ಒಪ್ಪಂದವಾಯಿತು.

ಹೊರಡುವಾಗ ರಿಪೇರಿಯವರಿಗೆ ಒಂದು ಅನುಮಾನ ಉಳಿದಿತ್ತು. "ಬಲಗಡೆ ಪೆಟ್ಟಿಗೆಗೂ ಕುಂಕುಮ ಇಟ್ಟಿದೀರಲ್ಲ, ಅದು ಹೆಂಗೆ ಉಳೀತು?"

"ಅದಕ್ಕೆ ನಮ್ಮ ಯಜಮಾನ್ರು ಇಟ್ರು" ಅಂದಳು ಅವ್ವ. "ಅವ್ರಿಗೆ ಯಾವ್ದ್ರಾಗೂ ಭಕ್ತಿ ಸಾಲ್ದು."

೩. ಕೆಳಮನೆಗೆ ಮುಟ್ಟಿದ್ದು

ಕೆಳಗಿನ ಫ್ಲಾಟಿನಲ್ಲಿ ರೈಲ್ವೆಯಿಂದ ನಿವೃತ್ತರಾದ ತಮಿಳು ಹಿರಿಯರು. ಬಹಳ ಮರ್ಯಾದಸ್ಥರು. ಒಂದು ಸಂಜೆ ಅವರು ಮೇಲೆ ಬಂದು ಬಾಗಿಲಲ್ಲಿ ನಿಂತಾಗ ನಾನೂ ಅಲ್ಲೇ ಇದ್ದೆ. ಇವತ್ತು ಮಂಗಳಾರತಿ ಖಂಡಿತ ಅಂದುಕೊಂಡೆ.

"ಸಾರ್, ತಪ್ಪಾಗಿ ತಿಳೀಬೇಡಿ" ಅಂತ ಅವರು ಕೈಮುಗಿದರು. "ನಿಮ್ಮ ಹಾಡಿನಲ್ಲಿ ಬರೀ ಡುಮ್ ಡುಮ್ ಮಾತ್ರ ನಮ್ಮ ಮನೆಗೆ ಇಳಿಯುತ್ತೆ. ಹಾಡು ಮೇಲೇ ಉಳಿಯುತ್ತೆ. ಡುಮ್ ಡುಮ್ ಕೇಳಿ ಇದು ಯಾವ ಹಾಡು ಅಂತ ನನಗೂ ನನ್ನ ಹೆಂಡತಿಗೂ ದಿನಾ ಜಗಳ. ಒಂದೋ ಎರಡೂ ಕಳಿಸಿ, ಇಲ್ಲಾಂದ್ರೆ ಎರಡೂ ನಿಲ್ಲಿಸಿ."

ಅಪ್ಪಾಜಿಗೆ ಕರುಳು ಚುರ್ ಅಂತು. ಮಾರನೆಯ ದಿನದಿಂದ ಪ್ರತಿ ಹಾಡಿಗೂ ಮುಂಚೆ ಕೆಳಮನೆಗೆ ಫೋನ್ ಮಾಡಿ "ಸಾರ್, ಈಗ ಬರ್ತಿರೋದು ನಾಗಸ್ವರ" ಅಂತ ತಿಳಿಸತೊಡಗಿದರು. ಆ ಹಿರಿಯರು ನನ್ನ ಕ್ಲಿನಿಕ್ಕಿಗೇ ಬಂದು, ಜಗಳ ನಿಂತಿದೆ, ಆದರೆ ಮಧ್ಯಾಹ್ನದ ನಿದ್ದೆಯೂ ನಿಂತಿದೆ ಅಂದರು.

ನಾನು ಅಪ್ಪಾಜಿಗೆ ಉಪಾಯ ಹೇಳಿದೆ. ಪೆಟ್ಟಿಗೆಗಳನ್ನು ಗೋಡೆಯ ಮೂಲೆಯಿಂದ ಈಚೆಗೆ ಎಳೆದು, ಅಡಿಯಲ್ಲಿ ದಪ್ಪಗೆ ಮೆತ್ತಗಿರುವಂಥದ್ದು ಏನಾದರೂ ಹಾಕಿದರೆ ಆ ಡುಮ್ ಡುಮ್ ನೆಲಕ್ಕೆ ಇಳಿಯುವುದು ಕಡಿಮೆಯಾಗುತ್ತದೆ. ನನ್ನ ಮನಸ್ಸಿನಲ್ಲಿದ್ದದ್ದು ರಬ್ಬರ್ ಹಾಸು. ಅಪ್ಪಾಜಿಯ ಮನಸ್ಸಿನಲ್ಲಿದ್ದದ್ದು ಮಂಡಿ. ಅಣ್ಣನಿಗೆ ಹೇಳಿ ಗೋಣಿಚೀಲ ತರಿಸಿ, ಮಡಿಸಿ ಮಡಿಸಿ, ಎರಡೂ ಪೆಟ್ಟಿಗೆಯ ಅಡಿಗೆ ಗಾದಿಯ ಹಾಗೆ ಹಾಕಿದರು. ನಾಗಸ್ವರದ ಜೊತೆ ಬಾರಿಸುವ ಡೋಲು, ತವಿಲ್ ವಾದನ ಹಾಕಿ ಗುಂಡಿ ತಿರುಗಿಸಿದರು.

ಪೆಟ್ಟಿಗೆಯ ಬೆನ್ನಿಗೆ, ಕೆಳಭಾಗದಲ್ಲಿ, ಗಾಳಿಯಾಡಲು ಒಂದು ಕಂಡಿ ಇರುತ್ತದೆ. ದೊಡ್ಡ ಪೆಟ್ಟು ಬಿದ್ದಾಗಲೆಲ್ಲ ಅದರಿಂದ ಗಾಳಿ ಬುಸ್ಸೆಂದು ಬರುತ್ತದೆ. ಆ ಗಾಳಿ ಬಂದದ್ದು ವರ್ಷಗಟ್ಟಲೆ ಬ್ಯಾಡಗಿ ಮೆಣಸಿನಕಾಯಿ ಹೊತ್ತ ಚೀಲದ ಮೇಲೆ. ತವಿಲ್‌ನ ಪ್ರತಿ ಪೆಟ್ಟಿಗೂ ಕೆಂಪಗೆ ಧೂಳೆದ್ದಿತು. ಮೊದಲು ಅವ್ವ ಸೀನಿದಳು. ಆಮೇಲೆ ಅಪ್ಪಾಜಿ. ಆಮೇಲೆ ಇಬ್ಬರೂ ಕಣ್ಣು ಮೂಗು ಒರೆಸಿಕೊಳ್ಳುತ್ತ, ಗುಂಡಿ ಎಲ್ಲಿದೆ ಅಂತ ಕಾಣದೆ ತಡಕಾಡಿದರು. ನಾನು ಹೋಗುವಷ್ಟರಲ್ಲಿ ಮನೆಯ ಕಿಟಕಿಯೆಲ್ಲ ತೆರೆದು ಫ್ಯಾನು ಹಾಕಿದ್ದರು.

ಆಗಲೇ ಕೆಳಮನೆಯಿಂದ ಫೋನ್. "ಸಾರ್, ಡುಮ್ ಡುಮ್ ನಿಂತಿದೆ, ರೊಂಬ ನನ್ರಿ, ತುಂಬಾ ಉಪಕಾರ. ಆದ್ರೆ ನಿನ್ನೆವರೆಗೆ ನಿಮ್ಮ ಸಂಗೀತ ಕಿವಿಗೆ ಬರ್ತಿತ್ತು, ಇವತ್ತು ಮೂಗಿಗೆ ಬರ್ತಾ ಇದೆ."

೪. ಮದುವೆಗೆ ಹೋದ ಬೊಟ್ಟು

ರಬ್ಬರ್ ಹಾಸು ಬಂತು, ಮೆಣಸಿನಕಾಯಿ ಚೀಲ ಮಂಡಿಗೆ ವಾಪಸಾಯಿತು. ಆದರೆ ನನಗೆ ಬೇರೆ ಚಿಂತೆ ಹತ್ತಿಕೊಂಡಿತು. ಹಾಡಿನ ಜೋರು ದಿನದಿಂದ ದಿನಕ್ಕೆ ಏರುತ್ತಿತ್ತು. ಅವ್ವ ಅಡಿಗೆಮನೆಯಿಂದ "ರೀ" ಅಂದರೆ ಅಪ್ಪಾಜಿ ತಿರುಗಿ ನೋಡುತ್ತಿರಲಿಲ್ಲ. ಇಂಥ ಲಕ್ಷಣ ನಾನು ದಿನಾ ನೋಡುವಂಥದ್ದೇ. ಬೇರೆಯವರಲ್ಲಿ ನೋಡಿದಾಗ ಏನೂ ಅನ್ನಿಸುವುದಿಲ್ಲ. ನಮ್ಮ ಅಪ್ಪಾಜಿಯಲ್ಲಿ ನೋಡಿದಾಗ ಕೈಕಟ್ಟಿ ಕೂರಲಾಗಲಿಲ್ಲ. ಹಾಳಾದ ಕಿವಿ ಮತ್ತೆ ಮೊದಲಿನಂತಾಗುವುದಿಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಅದಕ್ಕೇ ಅವ್ವನ ಸ್ಟಿಕರ್ ಬೊಟ್ಟಿನ ಹಾಳೆಯಿಂದ ಕೊನೆಯ ಕೆಂಪು ಬೊಟ್ಟು ಕಿತ್ತು, ಗುಂಡಿಯ ಪಕ್ಕ ಒಂದು ಕಡೆ ಅಂಟಿಸಿದೆ. "ಈ ಬೊಟ್ಟು ದಾಟಿ ಗುಂಡಿ ಹೋಗಕೂಡ್ದು" ಅಂದೆ. ಇಬ್ಬರೂ ಶಾಲೆಯ ಮಕ್ಕಳ ಹಾಗೆ ತಲೆಯಾಡಿಸಿದರು.

ಆ ವಾರ ಎಗ್ಮೋರಿನಲ್ಲಿ ನೆಂಟರ ಮದುವೆಯಿತ್ತು. ಇಬ್ಬರೂ ಹೋಗಿ ಬಂದರು. ಸಂಜೆ ನಾನು ಮೆಟ್ಟಿಲು ಹತ್ತುವಾಗಲೇ ಹಾಡು ಎದುರಿಗೆ ಇಳಿದು ಬರುತ್ತಿತ್ತು. ಒಳಗೆ ಹೋಗಿ ನೋಡಿದರೆ ಗುಂಡಿ ಎಲ್ಲೋ ಇದೆ, ಬೊಟ್ಟು ಕಾಣಲಿಲ್ಲ.

"ಬೊಟ್ಟು ಎಲ್ಲಿ?" ಅಂದೆ.

ಅವ್ವ ರೇಷ್ಮೆ ಸೀರೆಯಲ್ಲಿ ಸೋಫಾದ ಮೇಲೆ ಕೂತಿದ್ದಳು. ನನ್ನ ಬೊಟ್ಟು ಅವಳ ಹುಬ್ಬುಗಳ ನಡುವೆ ಕೆಂಪಗೆ ಹೊಳೆಯುತ್ತಿತ್ತು. "ಮನೇಲಿ ಇನ್ನೊಂದು ಇರ್ಲಿಲ್ಲ ಕಣೆ. ಬೋಳು ಹಣೇಲಿ ಮದುವೆಗೆ ಹೋಗ್ಲಾ?"

ನಾನು ಅಪ್ಪಾಜಿಯ ಕಡೆ ತಿರುಗಿ, ಈ ಸಲ ಬಿಡುವುದಿಲ್ಲ ಅಂದೆ. ಕ್ಲಿನಿಕ್ಕಿಗೆ ಬಂದು ಕಿವಿ ತೋರಿಸಬೇಕು, ಕಿವಿ ಹೋಗಿದ್ದರೆ ಪೆಟ್ಟಿಗೆಗಳು ನೇರ ಕಾಸಿಮೇಡು ಬಂದರಿಗೆ, ಮೀನಿನ ಹರಾಜು ಕೂಗುವವರಿಗಾದರೂ ಉಪಯೋಗಕ್ಕೆ ಬರಲಿ ಅಂದೆ. ಲಿಂಗಪೂಜೆಯಾಗದೆ ನೀರು ಮುಟ್ಟದ ಅಪ್ಪಾಜಿ "ವಚನ ಹಾಡಿದ ಪೆಟ್ಟಿಗೇನ ಮೀನಿನ ಮಧ್ಯ ಇಡ್ತೀಯಾ!" ಅಂತ ಎದ್ದು ನಿಂತರು. ಆಮೇಲೆ ದನಿ ತಗ್ಗಿಸಿ ನ್ಯಾಯ ಮಂಡಿಸಿದರು.

"ಬೊಟ್ಟು ಇದ್ದಷ್ಟು ದಿನ ನಾನು ದಾಟಿಲ್ಲ ಕಣವ್ವ. ಬೊಟ್ಟೇ ಮನೆ ಬಿಟ್ಟು ಎಗ್ಮೋರಿಗೆ ಹೋದ್ರೆ ನನ್ನ ತಪ್ಪೇನೈತೆ?"

೫. ನಿಲ್ಲದ ತಾಳ

ಕೊನೆಗೂ ಇಬ್ಬರೂ ಕ್ಲಿನಿಕ್ಕಿಗೆ ಬಂದರು. ಅಪ್ಪಾಜಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಹಣೆ ತುಂಬ ವಿಭೂತಿ ಹಚ್ಚಿ, ಪರೀಕ್ಷೆಗೆ ಹೊರಟ ಹುಡುಗನ ಹಾಗಿದ್ದರು. ಅವ್ವ ಫ್ಲಾಸ್ಕಿನಲ್ಲಿ ಕಾಫಿ ತಂದು ಹೊರಗಿನ ಬೆಂಚಿನಲ್ಲಿ ಕೂತಳು. ನಾನು ಅಪ್ಪಾಜಿಯ ಕಿವಿಯೊಳಗೆ ಬೆಳಕು ಬಿಟ್ಟು ನೋಡಿದೆ. ಚೊಕ್ಕಟವಾಗಿತ್ತು. ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೆ ಗುಂಡಿಯೊಂದನ್ನು ಕೊಟ್ಟೆ. ಎಷ್ಟೇ ಸಣ್ಣದಾಗಿ ಪೀಂ ಅಂದರೂ ಒತ್ತಬೇಕು, ಕೇಳದಿದ್ದರೆ ಒತ್ತಬಾರದು. ಇಷ್ಟೇ ಪರೀಕ್ಷೆ.

ಅಪ್ಪಾಜಿ ಗಂಭೀರವಾಗಿ ಕಣ್ಣು ಮುಚ್ಚಿದರು. ನಾನು ಶಬ್ದ ಕಳಿಸಿದೆ, ಒತ್ತಿದರು. ತಗ್ಗಿಸಿದೆ, ಒತ್ತಿದರು. ಇನ್ನೂ ತಗ್ಗಿಸಿದೆ, ಒತ್ತಿದರು. ನನಗೆ ಸಂತೋಷ ತಡೆಯಲಾಗಲಿಲ್ಲ. ಸೊಳ್ಳೆ ಆಕಳಿಸಿದರೂ ಕೇಳುವಂಥ ಕಿವಿ! ಇನ್ನೂ ತಗ್ಗಿಸಿದೆ. ಹುಟ್ಟಿದ ಕೂಸಿಗೂ ಕೇಳಿಸದ ಮಟ್ಟಕ್ಕೆ ಹೋದಾಗಲೂ ಅಪ್ಪಾಜಿ ಒತ್ತುತ್ತಲೇ ಇದ್ದರು. ಆಗ ನನಗೆ ಅನುಮಾನ ಬಂತು. ಗಾಜಿಗೆ ಮುಖವಿಟ್ಟು ಬಗ್ಗಿ ನೋಡಿದೆ.

ಅಪ್ಪಾಜಿಯ ಎಡಗೈ ತೊಡೆಯ ಮೇಲಿತ್ತು. ಒಂದು ಪೆಟ್ಟು, ಆಮೇಲೆ ಕಿರುಬೆರಳು, ಉಂಗುರಬೆರಳು, ನಡುಬೆರಳು. ಮಠದ ಸೋಮವಾರದ ಭಜನೆಯಲ್ಲಿ ತಾಳ ಹಾಕುವ ಕೈ ಅದು. ಅವಸರದಲ್ಲಿ ನಾನು ಮೊದಮೊದಲು ಶಬ್ದಗಳನ್ನು ಒಂದೇ ಲಯದಲ್ಲಿ ಕಳಿಸಿದ್ದೆ. ಅಪ್ಪಾಜಿ ಅದನ್ನು ಹಿಡಿದುಕೊಂಡುಬಿಟ್ಟಿದ್ದರು. ನಾನು ಯಂತ್ರದಿಂದ ಕೈ ತೆಗೆದು, ನೀರು ಕುಡಿದು, ಬಾಟಲಿಯ ಮುಚ್ಚಳ ಹಾಕಿದೆ. ಅಪ್ಪಾಜಿ ಲಯ ತಪ್ಪದೆ ಒತ್ತುತ್ತಲೇ ಇದ್ದರು. ತಾಳದ ಒಂದು ಆವರ್ತ ಮುಗಿದಾಗ ತಲೆಯನ್ನೂ ತೂಗಿದರು.

ಬಾಗಿಲು ತೆರೆದು, "ಅಪ್ಪಾಜಿ, ನಾನು ನಿಲ್ಲಿಸಿ ಎಷ್ಟೋ ಹೊತ್ತಾಯ್ತು" ಅಂದೆ.

ಅಪ್ಪಾಜಿ ಕಣ್ಣು ತೆರೆದು ಸ್ವಲ್ಪವೂ ಅಳುಕದೆ ಹೇಳಿದರು: "ಹಾಡೋರು ನಿಲ್ಲಿಸಿದ್ರೂ ತಾಳದೋನು ನಿಲ್ಲಿಸಬಾರ್ದು ಕಣವ್ವ."

೬. ಬೆಂಚಿನ ಮೇಲೆ ಕೂತವರು

ಎರಡನೇ ಸಲ ಅಪ್ಪಾಜಿಯ ಎರಡೂ ಕೈ ನನ್ನ ಕಣ್ಣಿಗೆ ಕಾಣುವಂತೆ ಇರಿಸಿ, ಶಬ್ದಗಳನ್ನು ತಾಳಗೆಡಿಸಿ ಕಳಿಸಿದೆ. ಈ ಸಲ ಅಪ್ಪಾಜಿಯ ಮುಖದಲ್ಲಿ ಬೆವರು. ಪೆಟ್ಟಿಗೆ ಹೋಗಿಬಿಡುತ್ತದೇನೋ ಎಂಬ ಭಯ ಗಾಜಿನಾಚೆಯಿಂದಲೇ ಕಾಣುತ್ತಿತ್ತು. ಮುಗಿದ ಮೇಲೆ ಯಂತ್ರ ಬರೆದ ಗೆರೆ ನೋಡಿದೆ. ವಯಸ್ಸಿಗೆ ತಕ್ಕಷ್ಟು ಸವೆದಿದೆ, ಅಷ್ಟೇ. ಕಿವಿ ಚೆನ್ನಾಗಿಯೇ ಇತ್ತು.

ನನಗೆ ಸಮಾಧಾನಕ್ಕಿಂತ ಸಿಟ್ಟೇ ಮೊದಲು ಬಂತು. "ಇಷ್ಟು ಚೆನ್ನಾಗಿ ಕೇಳುತ್ತಲ್ಲ ಅಪ್ಪಾಜಿ, ಮತ್ತೆ ಯಾಕೆ ಆ ಪಾಟಿ ಜೋರು ಇಡ್ತೀರಿ?"

ಅಪ್ಪಾಜಿ ಬಾಗಿಲ ಕಡೆ ನೋಡಿ, ನಾನು ಹುಟ್ಟಿದಾಗಿನಿಂದ ಕೇಳದಷ್ಟು ಮೆಲ್ಲಗೆ ಹೇಳಿದರು. "ನಿಮ್ಮವ್ವಂಗೆ ಕಿವಿ ಮಂದ ಆಗೈತೆ ಕಣವ್ವ. ನಾನು ಕರೆದ್ರೆ ತಿರುಗೋದೇ ಇಲ್ಲ. ಹೇಳಿದ್ರೆ ನೊಂದ್ಕಂತಾಳೆ. ಅದಕ್ಕೆ ನಾನೇ ಒಂಚೂರು ಜೋರು ಇಡ್ತೀನಿ. ಕಿವುಡ ಅಂತ ನನ್ನೇ ಅನ್ಲಿ ಬಿಡು."

ಈ ಮನುಷ್ಯನನ್ನು ಎಷ್ಟು ಬೈದುಬಿಟ್ಟೆ ಅನ್ನಿಸಿತು. ಹೊರಗೆ ಹೋಗಿ "ಅವ್ವಾ" ಅಂದೆ. ತಿರುಗಲಿಲ್ಲ. ಮತ್ತೆ ಕರೆದೆ. ಅವ್ವ ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ ಹುಯ್ದುಕೊಂಡು ಎದುರಿನ ಗೋಡೆ ನೋಡುತ್ತ ಕೂತಿದ್ದಳು. ಭುಜ ಹಿಡಿದು ಒಳಗೆ ಕರೆತಂದು, ಕುರ್ಚಿಯಲ್ಲಿ ಕೂರಿಸಿ, ಅವಳ ಕಿವಿಗೆ ಬೆಳಕು ಬಿಟ್ಟೆ.

ಒಳಗೆ ಬೆಳ್ಳಗೆ ಏನೋ ಕಂಡಿತು. ಚಿಮಟದಿಂದ ಎಳೆದೆ. ಹತ್ತಿ. ಇನ್ನೊಂದು ಕಿವಿಯಲ್ಲೂ ಹತ್ತಿ, ಬತ್ತಿಗೆ ಹೊಸೆದ ಹಾಗೆ ನೀಟಾಗಿ ಹೊಸೆದದ್ದು.

"ಏನವ್ವಾ ಇದು?"

"ಮತ್ತಿನ್ನೇನು ಮಾಡ್ಲಿ? ಆ ಗದ್ದಲಕ್ಕೆ ತಲೆ ಸಿಡೀತೈತೆ. ಬೆಳಿಗ್ಗೆ ಇಟ್ಕಂಡೆ ಅಂದ್ರೆ ಮಲಗೋವಾಗ್ಲೇ ತೆಗೆಯೋದು."

"ತಲೆ ಸಿಡಿದ್ರೆ ಸೌಂಡ್ ಕಮ್ಮಿ ಮಾಡೋಕೆ ಆಗಲ್ವಾ?"

"ಕಮ್ಮಿನಾ? ನಾನೇ ಎಷ್ಟೋ ಸಲ ಹೋಗಿ ಜಾಸ್ತಿ ಮಾಡಿ ಬಂದೀನಿ" ಅಂದಳು ಅವ್ವ. ಅಪ್ಪಾಜಿ ಪಕ್ಕದಲ್ಲೇ ಇದ್ದದ್ದನ್ನು ಮರೆತು, ಕಣ್ಣಲ್ಲಿ ನೀರು ತಂದುಕೊಂಡು ಹೇಳಿದಳು. "ಪಾಪ, ಅವ್ರಿಗೆ ಕಿವಿ ಕೇಳಲ್ಲ ಕಣೆ. ಎಷ್ಟು ಕೂಗಿದ್ರೂ ತಿರುಗಲ್ಲ. ಇರೋದೊಂದು ಸುಖ ಆ ಹಾಡು. ಅದೂ ಕೇಳಿಸದೆ ಹೋದ್ರೆ ಹೆಂಗೆ?"

ನಾನು ಅಪ್ಪಾಜಿಯನ್ನು ನೋಡಿದೆ. ಅಪ್ಪಾಜಿ ನೆಲ ನೋಡಿದರು. ಆಮೇಲೆ ಮೆಲ್ಲಗೆ ಬಿಳಿ ಅಂಗಿಯ ಜೇಬಿಗೆ ಕೈ ಹಾಕಿ, ಎರಡು ಹತ್ತಿಯುಂಡೆ ತೆಗೆದು, ಅವ್ವನ ಹತ್ತಿಯ ಪಕ್ಕ ಮೇಜಿನ ಮೇಲಿಟ್ಟರು. ಪರೀಕ್ಷೆಗೆ ಅಂತ ಆಟೋದಿಂದ ಇಳಿಯುವಾಗ ತೆಗೆದಿದ್ದರಂತೆ.

ಅವ್ವ ಆ ಉಂಡೆಗಳನ್ನೂ ಅಪ್ಪಾಜಿಯನ್ನೂ ಮತ್ತೆ ಮತ್ತೆ ನೋಡಿದಳು. ಆಮೇಲೆ ಶುರುವಾಯಿತು ನೋಡಿ ಪಂಚಾಯಿತಿ: ಮೊದಲು ಹತ್ತಿ ಇಟ್ಟವರು ಯಾರು? ನೀನು ತಿರುಗಲಿಲ್ಲ, ಅದಕ್ಕೆ ನಾನು ಜಾಸ್ತಿ ಮಾಡಿದೆ. ನೀವು ಜಾಸ್ತಿ ಮಾಡಿದ್ರಿ, ಅದಕ್ಕೆ ನಾನು ಇಟ್ಟುಕೊಂಡೆ. ನೀನು ಇಟ್ಟುಕೊಂಡೆ, ಅದಕ್ಕೇ ತಿರುಗಲಿಲ್ಲ. ಹೊರಗೆ ಕಾಯುತ್ತಿದ್ದವರೆಲ್ಲ ಬಾಗಿಲಿಗೆ ಬಂದು ಇಣುಕುತ್ತಿದ್ದರು. ನನಗೆ ನಗುವೂ ಅಳುವೂ ಒಟ್ಟಿಗೇ ಬಂದು, ಎರಡರಲ್ಲಿ ಯಾವುದನ್ನೂ ಸರಿಯಾಗಿ ಮಾಡಲಾಗದೆ ಮೇಜು ಹಿಡಿದು ನಿಂತೆ.

ಕಡೆಗೆ, ಇಷ್ಟು ದಿನ ಇವರ ಜೊತೆ ಮಾತಾಡಿ ರೂಢಿಯಾಗಿದ್ದ ದನಿಯಲ್ಲೇ ತೀರ್ಪು ಕೊಟ್ಟೆ: "ಹತ್ತಿ ಇಲ್ಲೇ ಬಿಡಿ! ಸೌಂಡ್ ಅರ್ಧಕ್ಕೆ ಇಳಿಸಿ! ಪೆಟ್ಟಿಗೆ ಮನೇಲೇ ಇರ್ಲಿ!"

ಇಬ್ಬರೂ ಬೆಚ್ಚಿಬಿದ್ದು, ಒಟ್ಟಿಗೇ ಕಿವಿ ಮುಚ್ಚಿಕೊಂಡು ಅಂದರು:

"ಯಾಕವ್ವ ಹಂಗೆ ಕೂಗ್ತೀಯ? ನಮಗೇನು ಕಿವಿ ಕೇಳಲ್ವಾ?"